ಸ್ಕೀಯಿಂಗ್: ಸ್ವಲ್ಪ

ನಿನ್ನೆ ಸಂಜೆ ಎದುರು ಮನೆಯ ನಯನಾ ಒಂದು ಜಾಕೆಟ್ ಹಿಡಿದುಕೊಂಡು ಬಂದಳು. ಮುಂದಿನ ತಿಂಗಳು ಗಂಡನ ಜೊತೆ ಯುರೋಪಿನ ಯಾವುದೋ ಬೆಟ್ಟದ ಊರಿಗೆ ಹೊರಟಿದ್ದಾಳೆ. "ಆಂಟಿ, ನೀವು ಆ ಕಡೆ ಇದ್ದು ಬಂದೋರು. ಇದೊಂದು ಸಾಕಾಗುತ್ತಾ ನೋಡಿ ಹೇಳಿ" ಎಂದು ಅದನ್ನು ನನ್ನ ತೊಡೆಯ ಮೇಲಿಟ್ಟಳು. ಒಂದು ಟವೆಲ್ಲಿನಷ್ಟೂ ಭಾರವಿಲ್ಲ. ಮೂಗಿನ ಹತ್ತಿರ ತಂದರೆ ಹೊಸ ಛತ್ರಿಯ ವಾಸನೆ. ಹಿಮ ಎಂದಾಗ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಮಾತ್ರ ಛತ್ರಿ ಬಟ್ಟೆ ನೆನಪಾಗುತ್ತದೆ, ಅದರ ಹಿಂದೆಯೇ ಆರ್.ಟಿ. ನಗರದ ಜುಬೇದಾ ಆಪಾ.

"ನಾಳೆ ಪಟ್ಟಿ ಮಾಡಿ ಕೊಡ್ತೀನಿ" ಎಂದು ನಯನಾಳನ್ನು ಕಳಿಸಿದೆ. ಏನೇನು ಬೇಕೆಂದು ಬಾಯಲ್ಲೇ ಹೇಳಬಹುದಿತ್ತು. ಆದರೆ ನನ್ನ ನೆನಪಿನ ಮೇಲೆ ನನಗೆ ಅಂಥ ನಂಬಿಕೆಯಿಲ್ಲ. ಅದು ಯಾವ ಘಟನೆಯನ್ನೂ ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಪ್ರತಿಸಲ ಹೊರಗೆ ತೆಗೆದಾಗಲೂ ನನಗೆ ಒಪ್ಪುವಂತೆ ಒಂಚೂರು ಇಸ್ತ್ರಿ ಮಾಡಿಯೇ ಕೊಡುತ್ತದೆ. ಆದ್ದರಿಂದ ಬೀರುವಿನ ತಳದಿಂದ ಆ ವರ್ಷದ ಡೈರಿಯನ್ನು ಎಳೆದು ತೆಗೆದೆ.

ಎಂಬತ್ತರ ದಶಕದ ಶುರುವಿನ ಮಾತು. ಹೆಬ್ಬಾಳದ ಕಡೆ ಮಣ್ಣು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ. ಜುಬೇದಾ ಆಪಾ ಅವರ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಗ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಜೋರಾಗಿ ಗಾಳಿ ಬೀಸಿದರೆ ಒಣಹಾಕಿದ ಸೀರೆ ಮೂರನೇ ಸೈಟಿನ ಬೇಲಿಯಲ್ಲಿ ಸಿಗುತ್ತಿತ್ತು. ಆಪಾ ಕೆಳಗಿನ ವರಾಂಡದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ರಸ್ತೆಯ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದರು. ಐವತ್ತರ ಆಸುಪಾಸಿನವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮಾತಾಡುವವರು. ಮನೆಯವರ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ಯಂತ್ರದ ಜೊತೆ ಎರಡರಲ್ಲೂ ಬೈಗುಳ.

ಆಸ್ಟ್ರಿಯಾದ ಬೆಟ್ಟಗಳ ನಡುವಿನ ಒಂದು ಸಂಸ್ಥೆ ನನ್ನಂಥವರಿಗೆ ಎರಡು ವರ್ಷದ ಫೆಲೋಶಿಪ್ ಕೊಡುತ್ತದೆಂದು ತಿಳಿದು ಅರ್ಜಿ ತರಿಸಿದೆ. ನಮ್ಮ ರಸ್ತೆಯ ಯಾವ ಅರ್ಜಿಯೂ ರಾಮಸ್ವಾಮಯ್ಯನವರ ಕಣ್ಣಿಗೆ ಬೀಳದೆ ಅಂಚೆ ಡಬ್ಬಿಗೆ ಬೀಳುತ್ತಿರಲಿಲ್ಲ. ಅವರು ನಿವೃತ್ತ ಹೆಡ್ ಕ್ಲರ್ಕ್. ರೇಷನ್ ಕಾರ್ಡಿನಿಂದ ಪಾಸ್‌ಪೋರ್ಟಿನವರೆಗೆ ಎಲ್ಲ ನಮೂನೆಗಳನ್ನೂ ತುಂಬಿಸಿಕೊಡುವುದು ಅವರ ಸಮಾಜಸೇವೆ. ನನ್ನ ಅರ್ಜಿಯ ಮೂರನೇ ಪುಟದಲ್ಲಿ ಅವರ ಬೆರಳು ನಿಂತಿತು. 'ಸ್ಕೀಯಿಂಗ್ ಬರುತ್ತದೆಯೇ?' ಎಂಬ ಪ್ರಶ್ನೆಯ ಮುಂದೆ ನಾನು 'ಇಲ್ಲ' ಎಂದು ಪೆನ್ಸಿಲಿನಲ್ಲಿ ಬರೆದಿದ್ದೆ.

"ಇದೇನಮ್ಮಾ, ಅರ್ಜಿಯಲ್ಲಿ ಯಾರಾದ್ರೂ 'ಇಲ್ಲ' ಅಂತ ಬರೀತಾರಾ?"

"ಬರಲ್ವಲ್ಲ ಸಾರ್. ಹಿಮಾನೇ ನೋಡಿಲ್ಲ ನಾನು."

"ನಿಂಗೆ ಹಿಂದಿ ಬರುತ್ತಾ?"

"ಸ್ವಲ್ಪ."

"ತಮಿಳು?"

"ಸ್ವಲ್ಪ ಸ್ವಲ್ಪ."

"ಹಂಗೇ ಇದೂನೂ ಸ್ವಲ್ಪ" ಎಂದು ರಬ್ಬರಿನಿಂದ ಉಜ್ಜಿ, ಪೆನ್ನು ನನ್ನ ಕೈಗೆ ಕೊಟ್ಟರು.

ನೀವು ಬೆಂಗಳೂರಿನವರಾದರೆ ನನ್ನ ತಪ್ಪನ್ನು ತಕ್ಷಣ ಕ್ಷಮಿಸುತ್ತೀರಿ. ನಾಲ್ಕು ಭಾಷೆಯವರು ಒಂದೇ ನಲ್ಲಿಯ ಮುಂದೆ ಬಿಂದಿಗೆ ಇಡುವ ಊರಿನಲ್ಲಿ ನಮಗೆಲ್ಲ ಎಲ್ಲವೂ ಸ್ವಲ್ಪ ಬರುತ್ತದೆ. ಬರುವುದಿಲ್ಲ ಎಂದರೆ ಎದುರಿನವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ನಾನು ಇಂಗ್ಲಿಷಿನಲ್ಲಿ 'ಸ್ವಲ್ಪ' ಎಂದು ಬರೆದೆ. ಅಳುಕಾಯಿತೇ? ಡೈರಿಯಲ್ಲಿ ಆ ದಿನ 'ಅರ್ಜಿ ಮುಗಿಯಿತು. ಅವರೆಕಾಳು ತಂದೆ' ಎಂದಷ್ಟೇ ಇದೆ.

ಮಾರ್ಚಿನಲ್ಲಿ ಉತ್ತರ ಬಂತು. ಒಂದೇ ಲಕೋಟೆಯಲ್ಲಿ ಎರಡು ಕಾಗದ. ಮೊದಲನೆಯದು ಅಲ್ಲಿಯ ಕಚೇರಿಯ ಕಾರ್ಯದರ್ಶಿಯದು. ನಮ್ಮಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮಳೆ, ಮೂರು ಗಂಟೆಗೆ ಆಲಿಕಲ್ಲು, ಸಂಜೆಗೆ ಹಿಮ. ದಪ್ಪದ ಒಂದು ಕೋಟನ್ನು ನಂಬಿಕೊಂಡು ಬರಬೇಡಿ, ತೆಳ್ಳಗಿನವು ನಾಲ್ಕೈದು ತನ್ನಿ, ಹಾಕುತ್ತ ತೆಗೆಯುತ್ತ ಇರಬೇಕು ಎಂದು ತಾಯಿಯ ಹಾಗೆ ಬರೆದಿದ್ದರು. ಎರಡನೆಯದು ಮುಖ್ಯ ವಿಜ್ಞಾನಿಯದು. ನನ್ನನ್ನು ಆರಿಸಿದ್ದರು. ಚಳಿಗಾಲವಿಡೀ ವಾರಕ್ಕೊಮ್ಮೆ ನಾನೂ ಇನ್ನೊಬ್ಬ ಸಹೋದ್ಯೋಗಿಯೂ ಸ್ಕೀ ಕಟ್ಟಿಕೊಂಡು ಬೆಟ್ಟದ ಮೇಲಿನ ಗುಡಿಸಲಿಗೆ ಹೋಗಿ ಹಿಮದಡಿಯ ಮಣ್ಣಿನ ಮಾದರಿ ತರಬೇಕು. ಕೊನೆಯ ಸುತ್ತಿನಲ್ಲಿದ್ದ ಮತ್ತೊಬ್ಬರಿಗೆ ಸ್ಕೀಯಿಂಗ್ ಬಾರದ ಕಾರಣ ನಿಮ್ಮನ್ನು ಆರಿಸಲು ಸುಲಭವಾಯಿತು ಎಂದಿದ್ದರು.

ಆ ವಾಕ್ಯವನ್ನು ಎಷ್ಟು ಸಲ ಓದಿದೆನೋ. ನಿಜ ಬರೆದು ತಿಳಿಸಿದರೆ ಫೆಲೋಶಿಪ್ ಕೈತಪ್ಪಬಹುದು. ಬರೆಯದಿದ್ದರೆ ಹಿಮದ ಬೆಟ್ಟದ ಮೇಲೆ ನನ್ನನ್ನು ನಂಬಿಕೊಂಡು ಇನ್ನೊಂದು ಜೀವ ನಿಂತಿರುತ್ತದೆ. ಹೊರಡಲು ಐದೂವರೆ ತಿಂಗಳಿತ್ತು. ಓದಿದವಳಲ್ಲವೇ, ಮೂರನೆಯ ದಾರಿಯೊಂದನ್ನು ಕಂಡುಕೊಂಡೆ: ಸೆಪ್ಟೆಂಬರಿನೊಳಗೆ ಸ್ಕೀಯಿಂಗ್ ಕಲಿತುಬಿಟ್ಟರೆ ಅರ್ಜಿಯಲ್ಲಿ ಬರೆದದ್ದು ನಿಜವಾಗುತ್ತದೆ.

ನಮ್ಮ ಪ್ರಯೋಗಾಲಯದ ಅಟೆಂಡರ್ ಮುನಿಯಪ್ಪ ಕೋಗಿಲು ಹಳ್ಳಿಯವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಅವನಿಗೆ ಚಿತ್ರ ಬರೆದು ತೋರಿಸಿದೆ.

"ಕಾಲಿಗೆ ಅಲಗೆ ಕಟ್ಕಂಡು ಜಾರಾದಾ? ಅದ್ಕೇ ಯಾಕ್ ಮೇಡಮ್ ಅಷ್ಟ್ ದೂರ ಓಗ್ತೀರಾ? ನಮ್ ಕೆರೆ ಏರಿ ಐತಲ್ಲ."

ಮುಂದಿನ ಭಾನುವಾರ ಹೋದಾಗ ಎಲ್ಲ ಸಿದ್ಧವಾಗಿತ್ತು. ಹಳೆಯ ಎತ್ತಿನ ಗಾಡಿಯ ಎರಡು ಹಲಗೆ, ಮುಂದಿನ ತುದಿಯನ್ನು ಕೆತ್ತಿ ಮೇಲಕ್ಕೆ ಮಾಡಿದ್ದ. ಅಡಿಗೆ ಹರಳೆಣ್ಣೆ ಸವರಿದ್ದ. ಪ್ರತಿ ಹಲಗೆಯ ನಟ್ಟನಡುವೆ ಒಂದೊಂದು ಹವಾಯಿ ಚಪ್ಪಲಿಯನ್ನು ಮೊಳೆ ಹೊಡೆದು ಕೂರಿಸಿದ್ದ. ಏರಿಯ ಇಳಿಜಾರಿನ ಮೇಲೆ ರಾಗಿ ಹುಲ್ಲು ಹಾಸಿದ್ದ. ಆಪಾ ಹೊಲಿದುಕೊಟ್ಟ ಪ್ಯಾಂಟು ತೊಟ್ಟು, ಎರಡು ಬಿದಿರು ಕೋಲು ಹಿಡಿದು ನಾನು ಏರಿಯ ಮೇಲೆ ನಿಂತೆ. ಕೆಳಗೆ ಎಮ್ಮೆ ಮೇಯಿಸುತ್ತಿದ್ದ ಇಬ್ಬರು ಹೆಂಗಸರು ಕೂತುಕೊಂಡೇ ನೋಡಿದರು.

"ಏನ್ ಮುನಿಯಣ್ಣ, ಆಯಮ್ಮಂಗೆ ಏನಾಗೈತೆ?" ಎಂದಳು ಒಬ್ಬಳು.

"ಪಾರಿನ್‌ಗೆ ಓಯ್ತಾ ಅವ್ರೆ ಕಣಮ್ಮಿ."

"ಇಂಗೇ ಜಾರ್ಕಂಡಾ?"

ನನ್ನ ನೆನಪಿನಲ್ಲಿ ನಾನು ಅಂದು ಮೂವತ್ತು ಅಡಿಯಾದರೂ ಸೊಗಸಾಗಿ ಜಾರಿ, ಆಮೇಲೆ ಬಿದ್ದೆ. ಡೈರಿಯಲ್ಲಿ 'ನಾಲ್ಕು ಅಡಿ. ಬಲಗೈ ಮಣಿಕಟ್ಟು ಉಳುಕಿದೆ. ಎಡಗಾಲಿನ ಹಲಗೆ ಕೆರೆಗೆ ಹೋಯಿತು' ಎಂದಿದೆ. ಮುನಿಯಪ್ಪ ನೀರಿಗಿಳಿದು ಅದನ್ನು ತಂದು, "ಅಲಗೆ ಚೆನ್ನಾಗೇ ಓಗ್ತದೆ ಮೇಡಮ್, ನೀವೇ ಅದ್ರ್ ಜೊತೆ ಓಗ್ಲಿಲ್ಲ" ಎಂದ. ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ಮುಂದೆ ಯಾವ ಪರೀಕ್ಷಕರೂ ನನಗೆ ಕೊಡಲಿಲ್ಲ.

ಈ ನಡುವೆ ಆಪಾ ಬಟ್ಟೆಗಳ ಕೆಲಸಕ್ಕಿಳಿದಿದ್ದರು. ಕಾರ್ಯದರ್ಶಿಯ ಕಾಗದವನ್ನು ಓದಿ ಹೇಳಿದಾಗ ಅವರು ಯೋಚಿಸಿದ್ದು ಒಂದೇ ನಿಮಿಷ. ಒಳಗೆ ಹತ್ತಿಯದು, ಅದರ ಮೇಲೆ ಫ್ಲಾನೆಲ್, ಅದರ ಮೇಲೆ ಕೈಯಿಲ್ಲದ ಉಣ್ಣೆ ಸ್ವೆಟರು, ಅದರ ಮೇಲೆ ತೆಳ್ಳಗೆ ಹತ್ತಿ ತುಂಬಿ ರಜಾಯಿಯಂತೆ ಹೊಲಿದ ಕೋಟು. ಎಲ್ಲಕ್ಕೂ ಹೊರಗೆ, ಗಾಳಿ ಮಳೆ ತಡೆಯಲು, ಕಪ್ಪು ಛತ್ರಿ ಬಟ್ಟೆ. ಬೆಂಗಳೂರಿನಲ್ಲಿ ಚಳಿಗಾಲವೆಂದರೆ ಒಂದು ಸ್ವೆಟರು, ಮುದುಕರಿಗಾದರೆ ಒಂದು ಮಫ್ಲರು. ಅಂಥ ಊರಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಇವೆಲ್ಲ ಸಾಕೋ ಸಾಲದೋ ಎಂದು ನೋಡುವುದು ಹೇಗೆ? ಅದಕ್ಕೂ ಆಪಾ ಹತ್ತಿರ ಉಪಾಯವಿತ್ತು. ಅವರ ತಮ್ಮ ದಸ್ತಗೀರ್ ಯಶವಂತಪುರದಲ್ಲಿ ಆಲೂಗಡ್ಡೆ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಫೋರ್‌ಮನ್.

ಹೊರಗೆ ಡಾಂಬರು ಕರಗುವ ಮಧ್ಯಾಹ್ನ. ಐದು ಪದರ ತೊಟ್ಟ ನನ್ನನ್ನೂ ಎರಡು ಶಾಲು ಹೊದ್ದ ಆಪಾರನ್ನೂ ಒಳಗೆ ಬಿಟ್ಟು ದಸ್ತಗೀರ್ ಬಾಗಿಲು ಮುಚ್ಚಿದ. "ಹದಿನೈದು ನಿಮಿಷ. ಆಮೇಲೆ ನೀವೇ ಬಡೀರಿ" ಎಂದ. ಮೂಟೆಗಳ ನಡುವೆ ಆಪಾ ನನ್ನ ಸುತ್ತ ತಿರುಗುತ್ತ ಎಲ್ಲೆಲ್ಲಿ ಚಳಿ ನುಗ್ಗುತ್ತದೆಂದು ಕೇಳಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕುತ್ತಿಗೆ, ಮುಂಗೈ, ಸೊಂಟ. ಮುಂಗೈ ಹಿಡಿದಾಗ ನಾನು ಮುಖ ಕಿವುಚಿದೆ.

"ಕೈಗೆ ಏನಾಯ್ತು?"

"ಉಳುಕಿದೆ ಆಪಾ. ಜಾರೋದು ಕಲೀತಿದ್ದೆ."

"ಬರುತ್ತೆ ಅಂತ ಬರ್ದಿದೀಯಾ ಅಂದ್ರು ರಾಮಸ್ವಾಮಯ್ಯ?"

ಆ ಚಳಿಯಲ್ಲಿ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಎಲ್ಲ ಹೇಳಿದೆ. ಬೆಟ್ಟ, ಗುಡಿಸಲು, ಜೊತೆಗೆ ಬರುವ ಮನುಷ್ಯ. ಆಪಾ ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡರು.

"ನೋಡು ಬೇಟಾ, ನನ್ನ ಹತ್ರ ಬರೋ ಹೆಂಗಸ್ರೆಲ್ಲ ಟೇಪ್ ಹಾಕಿದ ತಕ್ಷಣ ಹೊಟ್ಟೆ ಒಳಗೆ ಎಳ್ಕೋತಾರೆ. ನೀನೂ ಎಳ್ಕೋತೀಯಾ. ನಾನು ಏನೂ ಅನ್ನಲ್ಲ, ಎರಡು ಇಂಚು ಸೇರಿಸಿ ಹೊಲೀತೀನಿ. ಅಲ್ಲಿ ಆ ಬೆಟ್ಟದ ಮೇಲೆ ನಿಂಗೆ ಎರಡು ಇಂಚು ಸೇರಿಸಿ ಯಾರು ಹೊಲೀತಾರೆ?"

"ಬರೆದ್ರೆ ಬೇಡ ಅಂತಾರೆ ಆಪಾ."

"ಅಂದ್ರೆ ಅಂತಾರೆ. ಇಷ್ಟು ಬಟ್ಟೆ ಹೊಲ್ದಿದೀನಲ್ಲ, ಊಟಿಗೆ ಹೋಗಿ ಬಾ" ಎಂದು ಬಾಗಿಲು ಬಡಿದರು.

ಆ ವಾರವೇ ಅಂಚೆಚೀಟಿ ಅಚ್ಚಾಗಿರುವ ನೀಲಿ ಏರೋಗ್ರಾಮ್ ಕಾಗದ ತಂದು ಬರೆದೆ. ನನಗೆ ಸ್ಕೀಯಿಂಗ್ ಸ್ವಲ್ಪವೂ ಬರುವುದಿಲ್ಲ, ನಮ್ಮೂರಿನ ಅಭ್ಯಾಸಬಲದಿಂದ ಹಾಗೆ ಬರೆದೆ, ಕ್ಷಮಿಸಿ. ಮಡಿಸಿ ಅಂಟಿಸಿ ಮೇಲೆ ವಿಳಾಸವನ್ನೂ ಬರೆದೆ. ಮುಂದಿನದನ್ನು ನಾನು ನೂರು ಸಲ ಹೇಳಿದ್ದೇನೆ, ಮುಂದೆ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ನನ್ನ ವಿದ್ಯಾರ್ಥಿಗಳಿಗಂತೂ ವರ್ಷಕ್ಕೊಮ್ಮೆ: ಕಾಗದವನ್ನು ಒಂದು ವಾರ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿದೆ, ಅಂಚೆ ಡಬ್ಬಿಯ ಮುಂದೆ ಮೂರು ಸಲ ಹೋಗಿ ಮೂರು ಸಲ ವಾಪಸ್ ಬಂದೆ, ನಾಲ್ಕನೆಯ ಸಲ ಕಣ್ಣು ಮುಚ್ಚಿ ಒಳಗೆ ಹಾಕಿದೆ. ಡಬ್ಬಿಯ ತಳಕ್ಕೆ ಅದು ಬಿದ್ದ ಸದ್ದನ್ನೂ ವರ್ಣಿಸುತ್ತಿದ್ದೆ. ಜೀವನದಲ್ಲಿ ಧೈರ್ಯ ಮಾಡಿದ್ದು ಅದೊಂದೇ ಸಲ ಎಂದು ವಿನಯದ ಮಾತನ್ನೂ ಸೇರಿಸುತ್ತಿದ್ದೆ.

ಮೇ ಕೊನೆಗೆ ಉತ್ತರ ಬಂತು. ಚಳಿಗಾಲದ ಬೆಟ್ಟದ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ನಾನು ಬರಬಹುದು, ಆದರೆ ಎರಡು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ. ಚಳಿಗಾಲ ಪ್ರಯೋಗಾಲಯದೊಳಗೆ, ಬೇಸಿಗೆಯಲ್ಲಿ ಬೆಟ್ಟದ ಮೇಲೆ. ಶನಿವಾರಗಳಂದು ಊರಿನ ಸ್ಕೀ ತರಗತಿಗೆ ನನ್ನ ಹೆಸರು ಸೇರಿಸಿದ್ದರು. ಅದು ಐದಾರು ವರ್ಷದ ಮಕ್ಕಳ ತರಗತಿಯೆಂದು ಹೋದ ಮೇಲೆ ಗೊತ್ತಾಯಿತು. ಮಕ್ಕಳು ಬೀಳುತ್ತಿದ್ದದ್ದು ಅವರ ಎತ್ತರದಿಂದ, ನಾನು ನನ್ನ ಎತ್ತರದಿಂದ. ಬಿಸಿಲು, ಮಳೆ, ಆಲಿಕಲ್ಲು, ಹಿಮ ಎಲ್ಲವೂ ಹೇಳಿದ ಹೊತ್ತಿಗೆ ಸರಿಯಾಗಿ ಬಂದವು. ಆಪಾ ಹೊಲಿದ ಐದು ಪದರವನ್ನು ಈರುಳ್ಳಿಯ ಹಾಗೆ ಬಿಚ್ಚುತ್ತ ತೊಡುತ್ತ ದಿನ ಕಳೆದೆ. ಛತ್ರಿ ಬಟ್ಟೆಯ ಹೊರಗವಸನ್ನು ಯಾವ ಅಂಗಡಿಯಲ್ಲಿ ತಗೊಂಡೆಯೆಂದು ಅಲ್ಲಿಯವರೇ ಕೇಳಿದರು. ಮಾರ್ಚಿನ ಹೊತ್ತಿಗೆ ಚಿಕ್ಕ ಇಳಿಜಾರನ್ನು ಬೀಳದೆ ಇಳಿಯುತ್ತಿದ್ದೆ.

ಈಗ ಡೈರಿಗೆ ಬರುತ್ತೇನೆ. ಪಟ್ಟಿಗಾಗಿ ಪುಟ ತಿರುವುತ್ತಿದ್ದವಳು ಏಪ್ರಿಲ್ ಕೊನೆಯ ವಾರದ ಹತ್ತಿರ ನಿಂತೆ. ನನ್ನದೇ ಅಕ್ಷರ: 'ಕುತ್ತಿಗೆ, ಮುಂಗೈ ಸರಿಮಾಡಲು ರಜಾಯಿ ಕೋಟನ್ನು ಆಪಾಗೆ ಕೊಟ್ಟೆ. ಏರೋಗ್ರಾಮ್ ಅದರ ಜೇಬಿನಲ್ಲೇ ಇದೆ ಅನ್ನಿಸುತ್ತದೆ. ಇರಲಿ. ನಾಳೆ ಯೋಚಿಸೋಣ.' ನಾಲ್ಕು ದಿನ ಬಿಟ್ಟು: 'ಕೋಟು ಬಂತು. ಈಗ ಸರಿಯಾಗಿದೆ. ಜೇಬು ಖಾಲಿ. ನಾನು ಕೇಳಲಿಲ್ಲ. ಅವರೂ ಏನೂ ಹೇಳಲಿಲ್ಲ.'

ಇಷ್ಟೇ. ಅಂಚೆ ಡಬ್ಬಿಯ ಮಾತು ಹಿಂದಿನ ಪುಟಗಳಲ್ಲೂ ಇಲ್ಲ, ಮುಂದಿನವುಗಳಲ್ಲೂ ಇಲ್ಲ. ಎರಡು ಸಲ ಹುಡುಕಿದೆ. ಆದರೂ ಆ ಕಾಗದಕ್ಕೆ ಮೇ ಕೊನೆಗೆ ಉತ್ತರ ಬಂದಿತ್ತಲ್ಲ. ಡಬ್ಬಿಯ ತಳಕ್ಕೆ ಬಿದ್ದ ಆ ಸದ್ದನ್ನು ನನ್ನ ಕಿವಿ ಎಲ್ಲಿಂದ ತಂದುಕೊಂಡಿತೋ.

ಆಪಾರನ್ನು ಕೇಳೋಣವೆಂದರೆ ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ನಾನು ಆಸ್ಟ್ರಿಯಾದಿಂದ ಮರಳುವ ಹೊತ್ತಿಗೆ ಅವರು ಬಾಗಲಗುಂಟೆಯ ಮಗಳ ಮನೆಗೆ ಹೋಗಿದ್ದರು. ನೋಡಲು ಹೋದೆ. ಚಹಾ ಕುಡಿಯುತ್ತ ಇಡೀ ಕಥೆ ಹೇಳಿದೆ: ಜೊತೆಯಲ್ಲೇ ಇಟ್ಟುಕೊಂಡಿದ್ದು, ಮೂರು ಸಲ ವಾಪಸ್ ಬಂದಿದ್ದು, ನಾಲ್ಕನೆಯ ಸಲ ಕಣ್ಣು ಮುಚ್ಚಿ ಹಾಕಿದ್ದು. ಅಂದರೆ ವರ್ಷ ಒಂದೂವರೆಯಾಗುವಷ್ಟರಲ್ಲೇ ನನ್ನ ನೆನಪು ಇಸ್ತ್ರಿ ಮುಗಿಸಿತ್ತು. ಆಪಾ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಬೆನ್ನು ತಟ್ಟಿ, "ಒಳ್ಳೇ ಕೆಲಸ ಮಾಡ್ದೆ ಬೇಟಾ. ಎಲ್ರಿಗೂ ಆಗಲ್ಲ ಅದು" ಎಂದರು.

ಆ ಮಾತನ್ನು ಇಷ್ಟು ವರ್ಷ ಹೊಗಳಿಕೆಯೆಂದು ಇಟ್ಟುಕೊಂಡಿದ್ದೆ. ನಿನ್ನೆಯಿಂದ ಅದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೇನೆ. ಟೇಪು ಹಿಡಿದವರ ಮುಂದೆ ನಾನು ಅಂದೂ ಹೊಟ್ಟೆ ಒಳಗೆಳೆದುಕೊಂಡು ಕೂತಿದ್ದೆ, ಅವರು ಅಂದೂ ಎರಡು ಇಂಚು ಸೇರಿಸಿದರು.