ರೊಟ್ಟಿ ಗಂಟಿಗಿಂತ ಹಗುರಾದ ಡೇರೆ

ಕಾಲುವೆಗೆ ನೀರು ಬಿಟ್ಟ ವರ್ಷ ನಮ್ಮ ಮನೆಗೆ ಡೇರೆಯ ಹುಚ್ಚು ಹಿಡಿಯಿತು. ಹಿಡಿಸಿದವಳು ಅವ್ವ. ಅಪ್ಪ ಸರ್ವೆ ತಂಡದ ಜೊತೆ ಕಾಲುವೆಯ ಉದ್ದಕ್ಕೂ ಡೇರೆ ಹಾಕಿಕೊಂಡು ತಿರುಗಿದವನು. ಕಕ್ಕೇರಾ ಕಡೆಯ ಚಳಿ, ಗೂಟ ಕಿತ್ತು ಹೋಗುವಂಥ ಗಾಳಿ, ಡೇರೆ ಬಾಗಿಲಿಗೆ ಬಂದು ಕೂತ ನರಿ, ಎಲ್ಲವನ್ನೂ ಊಟಕ್ಕೆ ಕೂತಾಗ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದ. ಭೀಮರಾಯನಗುಡಿಯ ಕ್ವಾರ್ಟರ್ಸಿನಲ್ಲಿ ಇದ್ದುಕೊಂಡು ಅವನ ಬುತ್ತಿ ಕಟ್ಟುತ್ತ ಬಂದ ಅವ್ವ ಒಂದು ದಿನ ರೊಟ್ಟಿ ಬಡಿಯುತ್ತಲೇ ಅಂದಳು: "ಕೇಳಿ ಕೇಳಿ ಸಾಕಾಗ್ಯಾದ್ರಿ. ನಾನೂ ಒಮ್ಮಿ ಡೇರ್ಯಾಗ ಮಲಗಬೇಕು. ಶಹಾಪುರ ಗುಡ್ಡದ ಮ್ಯಾಲಿಂದ ನಿಮ್ಮ ಕಾಲುವಿ ನೋಡಬೇಕು."

ಅಪ್ಪ ನಕ್ಕ. ಅವನ ಹತ್ತಿರ ಹಳೆಯ ಕ್ಯಾನ್ವಾಸ್ ಡೇರೆಯೊಂದಿತ್ತು. ಬಿದಿರಿನ ಕಂಬ, ಕಬ್ಬಿಣದ ಗೂಟ, ಹಗ್ಗದ ಸುರುಳಿ ಎಲ್ಲ ಸೇರಿದರೆ ಅದನ್ನು ಹೊರಲು ಇಬ್ಬರು ಬೇಕು. ನಾನೂ ಅಪ್ಪನೂ ಡೇರೆ ಹೊತ್ತರೆ ಹಾಸಿಗೆ, ನೀರು ತಮ್ಮ ಹೊರಬೇಕು. ಅವ್ವನ ಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಯಾರಾದರೂ ಕೈ ಹಿಡಿಯದೆ ಅವಳು ಬಂಡೆ ಏರುವ ಮಾತೇ ಇಲ್ಲ. ಯಾರ ಕೈ ಖಾಲಿ ಇರುತ್ತದೆ ಎಂದು ಅಪ್ಪ ಲೆಕ್ಕ ಹಾಕಿ, ನೀನು ಮನೆಯಲ್ಲೇ ಇರು ಎಂದ. ಅವ್ವ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತಪ್ಪು ಅವ್ವನ ಮೊಣಕಾಲಿನದಲ್ಲ, ನಿನ್ನ ಡೇರೆಯದು ಎಂದುಬಿಟ್ಟೆ. ಹಗುರಾದ ಡೇರೆ ತಂದರೆ ಒಂದು ಕೈ ಉಳಿಯುತ್ತದೆ, ಆ ಕೈ ಅವ್ವನಿಗೆ. ಕಾಲೇಜಿಗೆ ಹೋಗುವ ಮಗಳ ಬಾಯಿಗೆ ಯಾರು ಬೀಳಬೇಕು ಎಂದೋ ಏನೋ, ಅಪ್ಪ ಒಪ್ಪಿಕೊಂಡ.

ಯಾದಗಿರಿ ಸ್ಟೇಷನ್ ರಸ್ತೆಯಲ್ಲಿ ತಾಡಪತ್ರಿ, ಹಗ್ಗ ಮಾರುವ ಅಂಗಡಿಯವರೊಬ್ಬರು ಹೈದರಾಬಾದಿನಿಂದ ನೈಲಾನ್ ಡೇರೆಗಳನ್ನು ತರಿಸುತ್ತಾರೆಂದು ಗೊತ್ತಾಯಿತು. ನಾಲ್ವರೂ ಬಸ್ಸು ಹತ್ತಿದೆವು. ಹಿಂದಿನ ದಿನದಿಂದಲೇ ನನ್ನ ಕಾಲು ನೆಲದ ಮೇಲಿರಲಿಲ್ಲ. ಮದುವೆ ಜವಳಿಗೆ ಹೊರಟವರಿಗೂ ಅಷ್ಟು ಸಡಗರ ಇರಲಿಕ್ಕಿಲ್ಲ.

ಅಂಗಡಿಯ ಸಾಹೇಬರು ಹಿಂದಿನ ಅಂಗಳದಲ್ಲಿ ಡೇರೆಗಳನ್ನು ಬಿಚ್ಚಿ ತೋರಿಸಿದರು. ಮೊದಲನೆಯದು ಗಾಳಿಯಂತೆ ಹಗುರ; ನಾನು ಆಗಲೇ ಮಡಚಲು ಕೈ ಹಾಕಿದ್ದೆ. ಆದರೆ ಅದು ಒಂದೇ ಪದರದ್ದು, ಬೆಳಗಿನ ಹೊತ್ತಿಗೆ ನಿಮ್ಮ ಉಸಿರೇ ಹನಿಯಾಗಿ ಮೈಮೇಲೆ ಬೀಳುತ್ತದೆ ಎಂದು ಅವರೇ ತಡೆದರು. ಅವ್ವ ಬಗ್ಗಿ ನೋಡಿದಳು. ಕೆಳಗೆ ತಳದ ಬಟ್ಟೆಯೇ ಇರಲಿಲ್ಲ. ಚೇಳು ಬಂದರೆ ಯಾವ ಬಾಗಿಲು ಹಾಕಿಕೊಳ್ಳಲಿ ಎಂದು ಕೇಳಿದಳು. ನಮ್ಮ ಗುಡ್ಡದಲ್ಲಿ ಕಲ್ಲು ಎತ್ತಿದರೆ ಚೇಳು. ಆ ಡೇರೆ ಅಲ್ಲಿಗೇ ಮುಗಿಯಿತು.

ಎರಡನೆಯದು ಹಸಿರು. ಒಳಗೊಂದು ತೆಳು ಪದರ, ಹೊರಗೊಂದು ನೀರು ತಡೆಯುವ ಪದರ, ತಳ ಗೋಡೆಗೇ ಹೊಲಿದದ್ದು, ಬಾಗಿಲಿಗೆ ಜಿಪ್ಪು. ಬಾಗುವ ಎರಡು ಕಡ್ಡಿಗಳನ್ನು ಅಡ್ಡ ಹಾಯಿಸಿದ ಕೂಡಲೇ ಎದ್ದು ನಿಂತಿತು. ಅಪ್ಪ ಸುತ್ತ ತಿರುಗಿ ಗೂಟ ಹುಡುಕಿದ. ಗೂಟವಿಲ್ಲದ್ದು ಡೇರೆಯೇ ಅಲ್ಲ ಎಂಬುದು ಅವನ ತೀರ್ಮಾನ. ಬಂಡೆಗೆ ಗೂಟ ಹೇಗೆ ಹೊಡೆಯುತ್ತೀ ಎಂದು ನಾನು ಕೇಳಿದ್ದಕ್ಕೆ ಡೇರೆಯನ್ನು ಕಾಲಿನಿಂದ ತಳ್ಳಿದ. ಅದು ಸ್ವಲ್ಪ ಸರಿದು ಹಾಗೆಯೇ ನಿಂತಿತು. ಗಾಳಿ ಬಿಟ್ಟರೆ ಒಳಗೆ ಮೂಲೆಗೊಂದು ಕಲ್ಲಿಡಿ ಎಂದರು ಸಾಹೇಬರು. ಕೆಂಪು ಬಣ್ಣ ಬೇಕಿತ್ತು ಎಂದು ತಮ್ಮ ಗೊಣಗಿದ. ಯಾರೂ ಕಿವಿಗೊಡಲಿಲ್ಲ.

"ನಾಲ್ಕು ಮಂದೀದು ಅಂತ ಬರದಾರ. ಖರೇ ಅಂದ್ರ ಮೂರು ಮಂದೀದ ಅದ," ಎಂದರು ಸಾಹೇಬರು. ಹಾಗಾದರೆ ನೋಡಿಯೇ ಬಿಡೋಣ ಎಂದು ಅವ್ವ ಚಪ್ಪಲಿ ಬಿಟ್ಟು ಒಳಗೆ ನುಗ್ಗಿದಳು. ಹಾಡಹಗಲಲ್ಲಿ, ಅಂಗಡಿಗೆ ಬಂದವರೆಲ್ಲ ನೋಡುತ್ತಿರುವಾಗ, ನಾವು ನಾಲ್ವರೂ ಬಗಲಿಗೆ ಬಗಲು ಹಚ್ಚಿ ಮಲಗಿದೆವು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ನನಗೆ ಆಗಲೇ ಗುಡ್ಡ ಏರಿದಷ್ಟು ಸಂತೋಷ. ಹೊರಬಂದ ಅವ್ವ ಡೇರೆಯನ್ನು ಮಡಚಿಸಿ ತಲೆಯ ಮೇಲಿಟ್ಟುಕೊಂಡು ಗೇಟಿನವರೆಗೆ ನಡೆದು ಬಂದು, ಬುತ್ತಿ ಗಂಟಿಗಿಂತ ಹಗುರ ಎಂದು ಹೇಳಿದಳು. ಹಸಿರು ಡೇರೆ ನಮ್ಮದಾಯಿತು.

ಎಡವಟ್ಟಾದದ್ದು ಹೊರಡುವ ದಿನ. ಡೇರೆ ಹಗುರವಾಗಿದೆಯಲ್ಲ ಎಂದು ಅವ್ವ ಸಜ್ಜೆ ರೊಟ್ಟಿಯ ಅಡಕಲು ಕಟ್ಟಿದಳು. ಅದರ ಹಿಂದೆ ಎಣ್ಣೆಗಾಯಿ ಡಬ್ಬಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ಮೊಸರಿನ ಗಡಿಗೆ, ಕೊನೆಗೆ ಸಿಹಿಗೆಂದು ಮಾದಲಿ. ನಾಲ್ಕು ಮಂದಿ ಊರು ಬಿಟ್ಟು ಹೊರಟರೆ ಹತ್ತು ಮಂದಿಗಾಗುವಷ್ಟು ಕಟ್ಟುವುದು ನಮ್ಮ ಕಡೆಯ ರೂಢಿ. ನಾನೂ ತಡೆಯಲಿಲ್ಲ, ಉಳ್ಳಾಗಡ್ಡಿ ಬೇರೆ ಸೇರಿಸಿದೆ. ಡೇರೆಯಲ್ಲಿ ಉಳಿಸಿದ ಭಾರವೆಲ್ಲ ಬುತ್ತಿಯಲ್ಲಿ ತುಂಬಿತ್ತು.

ಇದು ಗೊತ್ತಾದದ್ದು ಗುಡ್ಡದ ಅರ್ಧಕ್ಕೆ, ಎದೆಯೆತ್ತರದ ಬಂಡೆ ಅಡ್ಡ ಬಂದಾಗ. ನನ್ನ ತಲೆಯ ಮೇಲೆ ರೊಟ್ಟಿ ಗಂಟು, ಕೈಯಲ್ಲಿ ಮೊಸರಿನ ಗಡಿಗೆ. ತಮ್ಮನ ಬೆನ್ನಿಗೆ ಹಾಸಿಗೆ, ಎರಡೂ ಕೈಗೆ ನೀರಿನ ಕ್ಯಾನು. ಅವ್ವ ಬಂಡೆಗೆ ಅಂಗೈ ಊರಿ ನಿಂತಳು. ಖಾಲಿ ಕೈ ಇದ್ದದ್ದು ಒಬ್ಬನಿಗೇ. ಹೆಗಲಿಗೆ ಹಸಿರು ಡೇರೆ ಸಿಕ್ಕಿಸಿಕೊಂಡು ಅಪ್ಪ ಕೈ ಬೀಸುತ್ತ ಬಲು ಮುಂದೆ ಹೋಗಿದ್ದ. ನಮ್ಮಲ್ಲಿ ಗಂಡಸರು ಹೆಂಡತಿಯ ಜೊತೆ ನಡೆಯುವುದಿಲ್ಲ, ಮುಂದೆ ನಡೆಯುತ್ತಾರೆ. ಮನೆಯ ಹೊರಗೆ ಅವನು ಅವ್ವನ ಕೈ ಮುಟ್ಟಿದ್ದನ್ನು ನಾನು ಕಂಡೇ ಇರಲಿಲ್ಲ.

ನಾನು ಕೂಗಿದೆ. ಅಪ್ಪ ಇಳಿದು ಬಂದ, ಬಂಡೆಯ ಮೇಲೆ ನಿಂತ, ಆಚೆ ಆಡು ಕಾಯುವವರು ನೋಡುತ್ತಿರುವುದನ್ನು ಕಂಡ. ಹೆಗಲ ಮೇಲಿನ ಟವೆಲ್ ತೆಗೆದು ಅದರ ಒಂದು ತುದಿಯನ್ನು ಅವ್ವನತ್ತ ಇಳಿಬಿಟ್ಟ.

ಅವ್ವ ಟವೆಲ್ಲನ್ನೂ ನೋಡಿದಳು, ಅವನನ್ನೂ ನೋಡಿದಳು.

"ಹಗ್ಗ ಹಿಡದು ಎಳೀಲಾಕ ನಾ ಏನ್ ಎಮ್ಮಿ ಇದ್ದೀನೇನ್ರಿ? ಕೈ ಕೊಡ್ರಿ."

ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಕೈ ಕೊಟ್ಟ.

ಮೇಲೆ ತಲುಪಿದಾಗ ಇಳಿಬಿಸಿಲು. ಕೆಳಗೆ ಕಾಲುವೆ ಹೊಳೆಯುತ್ತಿತ್ತು, ಅದರ ಎರಡೂ ಮಗ್ಗುಲಿಗೆ ಹಸಿರು ಹಬ್ಬಿತ್ತು. ಅವ್ವನ ಕಣ್ಣು ತುಂಬಿತ್ತು. ನಾನೂ ತಮ್ಮನೂ ಡೇರೆ ಎಬ್ಬಿಸಿದೆವು, ಕಡ್ಡಿ ಹಾಯಿಸಿದ್ದೇ ತಡ ಎದ್ದು ನಿಂತಿತು. ಅಪ್ಪ ಎಡಗೈ ಚಾಚಿ ತಾನು ಅಳತೆ ಮಾಡಿದ ತಿರುವುಗಳನ್ನು ಒಂದೊಂದಾಗಿ ತೋರಿಸುತ್ತಲೇ ಇದ್ದ, ಅವ್ವ ಕೇಳುತ್ತಲೇ ಇದ್ದಳು. ಬಂಡೆಯ ಹತ್ತಿರ ಅವ್ವನ ಕೈ ಹಿಡಿದ ಅವನ ಬಲಗೈ ಇನ್ನೂ ಬಿಟ್ಟಿರಲಿಲ್ಲ.

"ಕೈ ಬಿಡ್ರಿ ಇನ್ನ," ಎಂದಳು ಅವ್ವ ಕೊನೆಗೆ, ಮೆಲ್ಲಗೆ. "ರೊಟ್ಟಿ ಗಂಟು ಬಿಚ್ಚಬೇಕು."