ಆ ಕಛೇರಿಗೆ ಹೋದವರು ಯಾರು

ದೆವ್ವ, ಕಣ್ಕಟ್ಟು, ಮುನ್ಸೂಚನೆ ಎಂದು ಸುದ್ದಿ ಹೊತ್ತು ನಮ್ಮ ಪತ್ರಿಕೆಯ ಕಚೇರಿಗೆ ಬರುವವರನ್ನು ನಾನು ಎರಡೇ ಪ್ರಶ್ನೆ ಕೇಳಿ ಕಳಿಸುತ್ತಿದ್ದೆ. ನೀವೇ ಕಂಡಿರಾ? ಜೊತೆಯಲ್ಲಿ ಇನ್ಯಾರಿದ್ದರು? ಹೆಚ್ಚಿನ ಸಂಗತಿಗಳು ಎರಡನೆಯ ಪ್ರಶ್ನೆಗೇ ಕರಗಿಹೋಗುತ್ತಿದ್ದವು. ಚಿಕ್ಕಬಳ್ಳಾಪುರದಲ್ಲಿ ವರದಿಗಾರನಾಗಿ ಇಷ್ಟು ವರ್ಷ ಕಳೆದವನಿಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ಈಗ ಬರೆಯುತ್ತಿರುವುದು ನನ್ನದೇ ಸಂಗತಿ. ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ತೊಂದರೆ ಇರುವುದೇ ಅಲ್ಲಿ.

ಮುನಿರಾಜು ನನ್ನ ಕಾಲೇಜು ಗೆಳೆಯ. ಜಂಗಮಕೋಟೆಯವನು, ರೇಷ್ಮೆಹುಳು ಸಾಕುತ್ತಾನೆ. ಚಿಂತಾಮಣಿಯಲ್ಲಿ ಓದುವಾಗ ಹಳೇ ಸಾಮಾನಿನ ಅಂಗಡಿಯಲ್ಲಿ ನಮಗೊಂದು ಕ್ಯಾಸೆಟ್ ಸಿಕ್ಕಿತ್ತು. ಐರ್ಲೆಂಡಿನ ಒಂದು ಜನಪದ ತಂಡ ಅಲ್ಲಿನ ಯಾವುದೋ ಊರಿನಲ್ಲಿ ಜನರ ಮುಂದೆ ಹಾಡಿದ ಸಂಗೀತ ಕಛೇರಿ. ಪಿಟೀಲು, ಕೊಳಲು, ನಮ್ಮ ತಮಟೆಯ ಹಾಗೆ ಕೈಯಲ್ಲಿ ಹಿಡಿದು ಬಡಿಯುವ ಒಂದು ವಾದ್ಯ. ಮಾತು ಒಂದೂ ಅರ್ಥವಾಗುತ್ತಿರಲಿಲ್ಲ. ಆದರೆ ಹಾಡಿನ ನಡುವೆ ಜನ ಕೆಮ್ಮುವುದು, ನಗುವುದು, ಇನ್ನೊಂದು ಹಾಡಿ ಎಂದು ಕೂಗುವುದು ಎಲ್ಲ ಅದರಲ್ಲಿತ್ತು. ನಮಗೆ ಹಿಡಿಸಿದ್ದು ಅದೇ. ಕ್ಯಾಸೆಟ್ ಮುಗಿಯುವ ಹೊತ್ತಿಗೆ ಮುನಿರಾಜು ಟೇಪ್ ರೆಕಾರ್ಡರಿನ ಕಡೆ ಬಾಗಿ, "ಎಳೆ ಕಡೀಬೇಡ್ರಪ್ಪಾ" ಅನ್ನುತ್ತಿದ್ದ. ಗೂಡಿನಿಂದ ನೂಲು ತೆಗೆಸುವಾಗ ಅವನ ಅಪ್ಪ ಕೆಲಸದವರಿಗೆ ಹೇಳುತ್ತಿದ್ದ ಮಾತು ಅದು. ಕೆಲವೇ ದಿನಗಳಲ್ಲಿ ನನ್ನ ಬಾಯಿಗೂ ಹತ್ತಿತು. ಹಾಡುವವರಿಗೆ ಆ ಮಾತು ಹೇಳುವವರನ್ನು ನಮ್ಮಿಬ್ಬರನ್ನು ಬಿಟ್ಟು ಬೇರೆ ನಾನು ಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ಅದೇ ತಂಡ ತನ್ನ ಕೊನೆಯ ಪ್ರವಾಸವೆಂದು ಹೇಳಿಕೊಂಡು ಬೆಂಗಳೂರಿಗೆ ಬಂತು. ಭಾನುವಾರ ಸಂಜೆ ಐದಕ್ಕೆ ಕಛೇರಿ. ಎರಡು ಟಿಕೆಟ್ ತೆಗೆದು ನನ್ನ ಫೋನಿನಲ್ಲಿ ಇಟ್ಟುಕೊಂಡಿದ್ದೆ. ಅಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ನೇರ ಜಂಗಮಕೋಟೆಗೆ ಹೋದೆ. ಅವನ ಬೈಕಿನಲ್ಲಿ ಇಬ್ಬರೂ ಹೊರಡುವುದೆಂದು ಮಾತಾಗಿತ್ತು.

ಹುಳುಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಮುಖ ನೋಡಿದಾಗಲೇ ಗೊತ್ತಾಯಿತು.

"ಹುಳ ಹಣ್ಣಾಗೋಯ್ತು ಕಣೋ. ನಾಳೆ ಅಂದ್ಕೊಂಡಿದ್ದೆ."

ಹುಳು ಹಣ್ಣಾಯಿತೆಂದರೆ ಮೇಯುವುದನ್ನು ಬಿಟ್ಟು ಗೂಡು ಕಟ್ಟಲು ತಯಾರಾಯಿತು ಎಂದು ಅರ್ಥ. ಅಂದೇ ಒಂದೊಂದನ್ನೂ ಕೈಯಿಂದ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ತಡಮಾಡಿದರೆ ಒಂದು ತಿಂಗಳ ದುಡಿಮೆ ಹಾಳು. ಅವನ ಹೆಂಡತಿ ತವರಿಗೆ ಹೋಗಿದ್ದಳು. ತಾಯಿ ನಾರಾಯಣಮ್ಮನವರಿಗೆ ಮಂಡಿನೋವು.

"ಆಳು ಸಿಗಲ್ವಾ?"

"ಭಾನುವಾರ ಯಾವನ್ ಬರ್ತಾನೆ? ನೀನು ಹೋಗ್ಬಾ. ಪೇಪರ್‌ನಲ್ಲಿ ಬರಿ, ನಾನು ಓದ್ಕೋತೀನಿ."

"ಒಬ್ಬನೇ ಹೋಗಿ ಏನ್ ಮಾಡ್ಲಿ? ಬಾ, ಎಲ್ಲಿಂದ ಶುರು ಮಾಡ್ಬೇಕು ಹೇಳು."

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. ಆಮೇಲೆ, "ರಿಪೋರ್ಟರಪ್ಪ, ಇದನ್ನ ನಾನು ಸಾಯೋವರ್ಗೂ ಮರೆಯಲ್ಲ" ಅಂದ.

ಆ ಮನೆಯಲ್ಲಿ ಹುಳು ಹಣ್ಣಾದ ದಿನ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನನ್ನನ್ನು ಬಿಟ್ಟದ್ದೇ ದೊಡ್ಡದು. ಚಪ್ಪಲಿ, ಫೋನು, ಕೈಗಡಿಯಾರ ಎಲ್ಲ ಹೊರಗಿನ ತಗಡಿನ ಡಬ್ಬಿಗೆ ಹೋಗಬೇಕು. ಫೋನ್ ಮುಟ್ಟಿದ ಕೈಯಲ್ಲಿ ಹುಳು ಮುಟ್ಟಬಾರದೆಂಬುದು ನಾರಾಯಣಮ್ಮನವರ ಕಟ್ಟಪ್ಪಣೆ. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋದೆವು. ಕತ್ತಲಾಗುವವರೆಗೆ ನಲವತ್ತು ಚಂದ್ರಿಕೆ ತುಂಬಿದೆವು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಮಧ್ಯಾಹ್ನದ ಮೇಲೆ ಒಬ್ಬರಾದ ಮೇಲೊಬ್ಬರು ಗೋಣಿಚೀಲದ ಮೇಲೆ ಒರಗಿ ನಿದ್ದೆ ಮಾಡಿದೆವು. ಅರ್ಧ ಗಂಟೆ ಇರಬಹುದು. ಒಳಗೆ ಗಡಿಯಾರವಿರಲಿಲ್ಲ. ಐದರ ಸುಮಾರಿಗೆ ನಾರಾಯಣಮ್ಮ ಬಾಗಿಲಲ್ಲಿ ಟೀ ಇಟ್ಟು ಕೂಗಿ ಹೋದರು. ಹೊಸ್ತಿಲಲ್ಲಿ ನಿಂತು ಇಬ್ಬರೂ ಕುಡಿದೆವು.

ಒಂದು ವರ್ಷದ ಮೇಲೆ ಆ ಬೆಂಗಳೂರಿನ ಕಛೇರಿಯೇ ಆಲ್ಬಮ್ ಆಗಿ ಬಂತು. ವಾರದ ರಜೆಯ ಮಧ್ಯಾಹ್ನ ಮನೆಯಲ್ಲಿ ಕೂತು ಕೇಳುತ್ತಿದ್ದೆ. ಕೊನೆಯ ಹಾಡಿಗೆ ಮೊದಲು ಪಿಟೀಲಿನವರು ಶ್ರುತಿ ಮಾಡಿಕೊಳ್ಳುತ್ತಾರೆ. ಸಭೆ ಸುಮ್ಮನಿರುತ್ತದೆ. ಆಗ ಹಿಂದಿನ ಸಾಲಿನಿಂದೆಂಬಂತೆ ಒಂದು ಗಂಡು ಧ್ವನಿ ಸ್ಪಷ್ಟವಾಗಿ, "ಎಳೆ ಕಡೀಬೇಡ್ರಪ್ಪಾ" ಎಂದು ಕೂಗುತ್ತದೆ. ಸುತ್ತಲಿನವರು ನಗುತ್ತಾರೆ. ಅದು ಮುನಿರಾಜುವಿನ ಧ್ವನಿ.

ಮತ್ತೆ ಮತ್ತೆ ಹಾಕಿ ಕೇಳಿದೆ. ಹೆದರಿಕೆ ಆಗಲಿಲ್ಲ, ಹೊಟ್ಟೆ ಉರಿಯಿತು. ನಾನು ಗೋಣಿಚೀಲದ ಮೇಲೆ ಮಲಗಿದ್ದು ಅರ್ಧ ಗಂಟೆಯೇ? ಬೆಂಗಳೂರಿಗೆ ಹೋಗುವುದಕ್ಕೇ ಒಂದೂವರೆ ಗಂಟೆ ಬೇಕು. ಅಸಾಧ್ಯವೆಂದು ಲೆಕ್ಕ ಹೇಳುತ್ತಿತ್ತು. ಆದರೆ ಕಿವಿ ಒಪ್ಪಲಿಲ್ಲ. ಇವನಿಗಾಗಿ ನಾನು ಬಿಟ್ಟದ್ದನ್ನು ಇವನು ನನಗೆ ಹೇಳದೆ ಕೇಳಿ ಬಂದಿದ್ದಾನೆ ಎಂಬುದೊಂದೇ ತಲೆಯಲ್ಲಿ ನಿಂತಿತು. ಅಂದೇ ಜಂಗಮಕೋಟೆಗೆ ಹೋದೆ.

ಮುನಿರಾಜು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ. ಇಯರ್‌ಫೋನ್ ಕೊಟ್ಟು ಆ ಜಾಗ ಹಾಕಿದೆ. ಅವನು ಕೇಳಿದ. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದ. ಇಯರ್‌ಫೋನ್ ತೆಗೆದಾಗ ಅವನ ಮುಖದಲ್ಲಿ ಸಿಕ್ಕಿಬಿದ್ದವನ ಲಕ್ಷಣ ಇರಲಿಲ್ಲ.

"ನೀನ್ ಹೋಗಿದ್ದೆ ಅಲ್ವಾ?" ಅಂದ.

"ನಾನಾ? ಅದು ನಿನ್ ಧ್ವನಿ."

"ನನ್ ಧ್ವನಿ ನನಗ್ ಗೊತ್ತಿಲ್ವಾ? ಇದು ನಿಂದು ಕಣೋ. ಟಿಕೆಟ್ಟೂ ನಿನ್ ಫೋನ್‌ನಲ್ಲೇ ಇತ್ತು. ಅವತ್ತು ನಾನು ನಿದ್ದೆಯಿಂದ ಎದ್ದಾಗ ನೀನು ಆ ಕಡೆ ಚಂದ್ರಿಕೆ ಸಾಲಲ್ಲಿದ್ದೆ ಅಂದ್ಕೊಂಡೆ. ನೋಡಕ್ ಹೋಗ್ಲಿಲ್ಲ, ನಂಬಿದ್ದೆ." ಕುಡುಗೋಲನ್ನು ಸೊಪ್ಪಿನ ಮೇಲೆ ಇಟ್ಟ. "ಹೇಳಿ ಹೋಗಿದ್ರೆ ನಾನೇನ್ ಬೇಡ ಅಂತಿದ್ನಾ? ಈಗ ಬಂದು ನನ್ ಮೇಲೇ ಹಾಕ್ತೀಯಲ್ಲ."

ಅವನು ನಟಿಸುತ್ತಿರಲಿಲ್ಲ. ಸುಳ್ಳು ಹೇಳುವವರ ಎದುರು ಕೂತು ಬರೆದುಕೊಳ್ಳುವುದು ನನ್ನ ಕಸುಬು. ಅವನಿಗೆ ನಿಜವಾಗಿಯೂ ನೋವಾಗಿತ್ತು. ನನಗೂ ಆಗಿತ್ತು. ಅಂದಿನಿಂದ ನಮ್ಮ ನಡುವೆ ಮಾತಿಲ್ಲ.

ಆಮೇಲೆ ನಾನು ಮಾಡಬೇಕಾದ್ದನ್ನು ಮಾಡಿದೆ. ನನ್ನ ಟಿಕೆಟ್ ಗೇಟಿನಲ್ಲಿ ಬಳಕೆಯಾಗಿತ್ತೇ ಎಂದು ಆಯೋಜಕರಿಗೆ ಬರೆದೆ. ಆ ಪಟ್ಟಿ ಉಳಿದಿಲ್ಲವೆಂದು ಉತ್ತರ ಬಂತು. ಪತ್ರಿಕೆಯ ಕಚೇರಿಯಲ್ಲಿ ಇಬ್ಬರಿಗೆ ಆ ಜಾಗ ಕೇಳಿಸಿದೆ. ಮಾತು ಅದೇ ಎಂದು ಇಬ್ಬರೂ ಒಪ್ಪಿದರು. ಧ್ವನಿ ನನ್ನದಾ ಎಂದು ಕೇಳಿದ್ದಕ್ಕೆ, "ಸಾರ್, ನಿಮ್ದಿರಬಹುದು, ಯಾರದ್ದಾದ್ರೂ ಇರಬಹುದು" ಅಂದರು. ಅಂದಿನ ಸಂಜೆಗೆ ನಮ್ಮಿಬ್ಬರನ್ನು ಬಿಟ್ಟು ಮೂರನೆಯ ಸಾಕ್ಷಿಯೊಬ್ಬರಿದ್ದಾರೆ ಎಂಬುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಈಚೆಗೆ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ನಾರಾಯಣಮ್ಮ ಸಿಕ್ಕರು. ಅವರೇ ಕರೆದರು.

"ಯಾಕಪ್ಪ, ಮನೆ ಕಡೆ ಬರೋದೇ ಬಿಟ್ಬಿಟ್ಟೆ? ಅವನೂ ಮುಖ ಗಂಟಾಕ್ಕೊಂಡವ್ನೆ."

ಅಂದಿನ ಸಂಜೆ ನಾವಿಬ್ಬರೂ ಒಳಗೇ ಇದ್ದೆವಲ್ಲವೇ ಎಂದು ಕೇಳಿದೆ.

"ನಾನೇನ್ ಒಳಗ್ ಬಂದ್ನಾ? ಬಾಗಿಲಲ್ಲಿ ಎರಡು ಲೋಟ ಟೀ ಇಟ್ಟೆ. ತಿರುಗಿ ಬಂದಾಗ ಒಂದು ಖಾಲಿ, ಇನ್ನೊಂದು ಕೆನೆಗಟ್ಕೊಂಡು ಹಂಗೇ ಇತ್ತು. ಚೆಲ್ಲಿ ತೊಳೆದಿಟ್ಟೆ."

"ಆಗ್ಲೇ ಹೇಳ್ಬಾರ್ದಿತ್ತಾ ಅಮ್ಮ?"

"ಯಾರೂ ಕೇಳ್ಲಿಲ್ವಲ್ಲಪ್ಪ."

"ಯಾರ್ದು ಆ ಲೋಟ?"

ಅವರು ನಕ್ಕರು. "ಲೋಟದ ಮೇಲೆ ನನ್ನ ಮದ್ವೇಲಿ ಕೊಟ್ಟೋರ ಹೆಸ್ರು ಐತೆ, ಕುಡಿದೋರ ಹೆಸ್ರು ಇಲ್ಲ."

ಆ ಟೀ ನನಗೆ ಚೆನ್ನಾಗಿ ನೆನಪಿದೆ. ಶುಂಠಿ ಜಾಸ್ತಿಯಾಗಿ ಗಂಟಲು ಉರಿದಿತ್ತು. ಅವತ್ತು ಶುಂಠಿ ಹಾಕಿದ್ದಿರಾ ಎಂದು ಕೇಳಿದ್ದರೆ ಸಾಕಿತ್ತು. ಹೌದೆಂದರೆ ಖಾಲಿ ಲೋಟ ನನ್ನದು, ಹೋದವನು ಅವನು; ಇಲ್ಲವೆಂದರೆ ಹೋದವನು ನಾನೇ. ಇಷ್ಟು ವರ್ಷ ಊರವರನ್ನೆಲ್ಲ ಪ್ರಶ್ನೆ ಕೇಳಿಕೊಂಡು ಬಂದವನು ನಾನು. ಅವರ ಚೀಲ ಹಿಡಿದುಕೊಂಡು ಬಸ್ಸು ಬರುವವರೆಗೆ ಪಕ್ಕದಲ್ಲೇ ನಿಂತಿದ್ದೆ. ಹತ್ತಿಸಿ ಕಳಿಸಿದೆ. ಕೇಳಲಿಲ್ಲ.