ಸೊರಬದವನಿಗೆ ಕಂಡ ಚಂದ್ರ

ಶಿವಮೊಗ್ಗದ ಕಾಲೇಜಿನಲ್ಲಿ ನಾನೂ ಸೊರಬದ ಹುಡುಗನೊಬ್ಬನೂ ಒಂದೇ ಕೋಣೆಯಲ್ಲಿದ್ದೆವು. ಕನ್ನಡನಾಡು ಒಂದಾಗಿ ಹೊಸ ರಾಜ್ಯವಾದ ಮೇಲಿನ ಎರಡನೇ ಬೇಸಿಗೆ. ಪರೀಕ್ಷೆಯೂ ರಂಜಾನೂ ಒಟ್ಟಿಗೇ ಬಂದಿದ್ದವು. ಇಬ್ಬರೂ ರೋಜಾ ಹಿಡಿದೇ ಪರೀಕ್ಷೆ ಬರೆದೆವು. ನನಗೆ ಬಾಯಿ ಒಣಗಿ, ತಲೆ ಸಿಡಿದು, ಕಂಡಕಂಡವರ ಮೇಲೆ ಸಿಡುಕು. ಅವನೋ, ಪೇಪರು ಕೆಡಿಸಿಕೊಂಡು ಬಂದರೂ ನಮಾಜು ಮುಗಿಸಿ ಗೋಡೆಗೆ ಒರಗಿ ಏನೋ ಗುನುಗುವವನು. ನಾನೂ ಐದು ಹೊತ್ತು ಬಗ್ಗಿ ಏಳುತ್ತಿದ್ದೆನಲ್ಲ, ಆ ನೆಮ್ಮದಿ ಅವನೊಬ್ಬನಿಗೇ ಏಕೆ? ನನ್ನ ಹೊಟ್ಟೆ ಉರಿಯುತ್ತಿತ್ತು. ಉಪವಾಸದ ಉರಿಯಾಗಿದ್ದರೆ ಸಂಜೆಗೆ ಆರಬೇಕಿತ್ತು.

ಪರೀಕ್ಷೆ ಮುಗಿದ ಮೇಲೆ ಅವನು ಸೊರಬಕ್ಕೆ ಹೋದ, ನಾನು ಶಿಕಾರಿಪುರಕ್ಕೆ ಬಂದೆ. ಇಪ್ಪತ್ತೊಂಬತ್ತನೇ ರೋಜಾದ ಸಂಜೆ ಹಬ್ಬದ ಚಂದ್ರನನ್ನು ನೋಡಲು ನಮ್ಮ ಮಸೀದಿಯ ಮುಂದೆ ಎಲ್ಲರೂ ಕತ್ತೆತ್ತಿ ನಿಂತಿದ್ದರು. ಪಡುವಣದಲ್ಲಿ ಮೋಡ. ಒಂದು ಗಳಿಗೆ ಮೋಡ ಸರಿದಾಗ ಕೂದಲೆಳೆಯಷ್ಟು ಬಿಳಿ ಗೆರೆ ನನಗೆ ಕಂಡಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಕಣ್ಣುಜ್ಜಿ ಪ್ರಮಾಣಿಸಲು ಹೋದೆ; ಅಷ್ಟರಲ್ಲಿ ಮುಚ್ಚಿಕೊಂಡಿತು. ಅಕ್ಕಪಕ್ಕದವರಿಗೆ ಕಂಡಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಚಂದ್ರ ಕಾಣಲಿಲ್ಲವೆಂದು ಮೂವತ್ತು ತುಂಬಿಸಲು ಮಾರನೆಯ ದಿನವೂ ನಮ್ಮವರೆಲ್ಲ ರೋಜಾ ಹಿಡಿದರು.

ಅಂದು ಬೆಳಿಗ್ಗೆ ನನ್ನ ಕೋಣೆಯವನೂ ಅವನ ದೊಡ್ಡಪ್ಪನೂ ಸೊರಬದ ಬಸ್ಸಿಳಿದು, ಅತ್ತರು ಘಮಘಮಿಸುತ್ತ ನೇರ ಮಸೀದಿಗೆ ಬಂದರು. ತಮ್ಮೂರಲ್ಲಿ ಚಂದ್ರ ಕಂಡಿದೆ, ಹಬ್ಬದ ದಿನ ರೋಜಾ ಹಿಡಿಯುವುದು ಹರಾಮು, ಅದಕ್ಕೇ ಸಾಕ್ಷಿ ಹೇಳಲು ಓಡಿಬಂದೆವು ಎಂದರು.

"ಖರೇನೇ ನೋಡೀಯೇನಪಾ?" ಎಂದರು ಮೌಲ್ವಿ ಸಾಹೇಬರು.

"ನೋಡಿದೀನ್ರೀ. ದೊಡ್ಡಪ್ಪಾನೂ ನೋಡಿದಾರೆ. ಕೂದಲೆಳೆಯಷ್ಟಿತ್ತು, ಒಂದೇ ಗಳಿಗೆ."

ನಾನೂ ನೋಡಿದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಈಗ ಹೇಳಿದರೆ ಯಾರು ನಂಬುತ್ತಾರೆ? ನಾನೇ ನಂಬಿರಲಿಲ್ಲ.

ಅವರಿಬ್ಬರ ಮಾತಿಗೆ ಎಲ್ಲರೂ ರೋಜಾ ಮುರಿದರು. ಹಬ್ಬದ ನಮಾಜಾದ ಮೇಲೆ ಅವನನ್ನು ಮನೆಗೆ ಕರೆದುಕೊಂಡು ಹೋದೆ. ನಮ್ಮಮ್ಮ ಅವಸರದಲ್ಲಿ ಕಾಯಿಸಿದ ಶಾವಿಗೆ ಖೀರಿನ ಮೊದಲ ಬಟ್ಟಲನ್ನು ಅವನಿಗೇ ಕೊಟ್ಟು, ನೆಟಿಗೆ ಮುರಿದು ದೃಷ್ಟಿ ತೆಗೆದಳು. ಹೆತ್ತ ಮಗ ಎರಡನೇ ಬಟ್ಟಲಿಗೆ ಕಾದು ಕೂತಿದ್ದೆ. ನನ್ನ ಚಂದ್ರನನ್ನೇ ಅವನು ಎಗರಿಸಿಕೊಂಡು ಬಂದನೇನೋ ಎಂಬಂತೆ ಮೈಯೆಲ್ಲ ಉರಿಯಿತು.

ಅವನು ತಿನ್ನುವುದನ್ನು ನಿಲ್ಲಿಸಿ ಕೇಳಿದ: "ನಿಂಗೆ ಕಾಣ್ಲೇ ಇಲ್ವೇನೋ?"

"ಇಲ್ಲ."

"ಛೇ, ಪಾಪ. ನಂಗೆ ಕಂಡಾಗ ಅಳೂನೇ ಬಂದ್ಬಿಡ್ತು ಮಾರಾಯ."

ಅದೇ ಚಂದ್ರ ಕಂಡಾಗ ನನಗೆ ಅನಿಸಿದ್ದು, ಇನ್ನು ಕನ್ನಡಕ ಮಾಡಿಸಬೇಕು ಎಂದು.